ಕಿವಿನರದ ಗಡ್ಡೆ: ವಿಕಿರಣ ಚಿಕಿತ್ಸೆ ಮುಗಿದ ಮೇಲೆ

ಕೆಲವು ವರ್ಷಗಳ ಹಿಂದಿನ ಮಾತು. ಬಾದಾಮಿಯ ನನ್ನ ದವಾಖಾನೆಗೆ ಗುಳೇದಗುಡ್ಡದ ಕಡೆಯ ಒಬ್ಬ ಹೆಣ್ಣುಮಗಳು ತಮ್ಮ ಮಗನೊಂದಿಗೆ ಬಂದರು. ವಯಸ್ಸು ಐವತ್ತರ ಆಸುಪಾಸು. ಮನೆಯಲ್ಲಿ ಮಗ್ಗ, ಖಣ ನೇಯುವ ಕುಟುಂಬ. ಏಳು ತಿಂಗಳ ಹಿಂದೆ ಅವರ ಬಲಗಿವಿಯ ನರದ ಮೇಲಿದ್ದ ಗಡ್ಡೆಗೆ ಬೆಂಗಳೂರಿನಲ್ಲಿ ವಿಕಿರಣ ಚಿಕಿತ್ಸೆ ಆಗಿತ್ತು. ಈಗ ಮತ್ತೆ ಎಂ.ಆರ್.ಐ. ಸ್ಕ್ಯಾನ್ ಮಾಡಿಸಿ ಅದರ ವರದಿ ತಂದಿದ್ದರು. ಇಂಗ್ಲಿಷಿನಲ್ಲಿದ್ದ ಆ ವರದಿಯನ್ನು ಊರಿನಲ್ಲಿ ಯಾರೋ ಓದಿ ಅರ್ಥ ಹೇಳಿದ್ದರು: ಗಡ್ಡೆ ಮೊದಲಿಗಿಂತ ಎರಡು ಮಿಲಿಮೀಟರ್ ದೊಡ್ಡದಾಗಿದೆ.

"ಇಷ್ಟ ರೊಕ್ಕ ಹಾಕಿ ಕರೆಂಟ್ ಕೊಡಿಸಿದ್ವಿ, ಗಡ್ಡಿ ಕರಗೂದು ಬಿಟ್ಟು ಬೆಳದೈತ್ರಿ ಸಾಹೇಬ್ರ. ಇನ್ನ ಆಪರೇಶನ್ ಮಾಡಿಸಿಬಿಡ್ತೀವ್ರಿ" ಎಂದ ಮಗ. ಅದಕ್ಕಾಗಿ ಮನೆಯ ಪಕ್ಕದ ಜಾಗವನ್ನು ಒತ್ತೆ ಇಡುವ ಮಾತುಕತೆ ಆಗಲೇ ಮುಗಿದಿತ್ತು. ತಾಯಿ ಏನೂ ಮಾತನಾಡಲಿಲ್ಲ. ಆಮೇಲೆ ಗಮನಿಸಿದೆ, ಅವರ ಕೇಳುವ ಕಿವಿ ಗೋಡೆಯ ಕಡೆಗಿತ್ತು. ನಾವಿಬ್ಬರೂ ಅವರ ಬಗ್ಗೆಯೇ ಆಡುತ್ತಿದ್ದ ಮಾತು ಅವರಿಗೆ ಅರ್ಧವೂ ತಲುಪಿರಲಿಲ್ಲ.

ಆ ಜಾಗ ಒತ್ತೆ ಬೀಳಲಿಲ್ಲ. ಏಕೆ ಬೀಳಲಿಲ್ಲ ಎಂಬುದನ್ನು ವಿವರಿಸುವುದಕ್ಕೇ ಈ ವಾರದ ಅಂಕಣ. ಈ ಕಾಯಿಲೆ ಅಪರೂಪದ್ದು, ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಪತ್ತೆಯಾಗುವಂಥದು. ಆದರೆ ಪತ್ತೆಯಾದ ಮನೆಯಲ್ಲಿ ಅದು ಅಪರೂಪವಲ್ಲ. ಚಿಕಿತ್ಸೆ ಕೊಡುವ ಆಸ್ಪತ್ರೆ ನೂರಾರು ಕಿಲೋಮೀಟರ್ ದೂರ. ಚಿಕಿತ್ಸೆಯ ನಂತರದ ದಿನಗಳನ್ನು ರೋಗಿ ಕಳೆಯಬೇಕಾದದ್ದು ತನ್ನ ಊರಿನಲ್ಲಿ, ತನ್ನ ಮನೆಯವರ ನಡುವೆ, ನನ್ನಂಥ ಸಾಮಾನ್ಯ ವೈದ್ಯನ ಕೈಯಲ್ಲಿ.

ಇದು ಎಂಥ ಗಡ್ಡೆ?

ಒಳಗಿವಿಯಿಂದ ಮಿದುಳಿಗೆ ಹೋಗುವ ಎಂಟನೆಯ ನರಕ್ಕೆ ಎರಡು ಕೆಲಸ. ಒಂದು ಭಾಗ ಶಬ್ದವನ್ನು ಒಯ್ಯುತ್ತದೆ, ಇನ್ನೊಂದು ಭಾಗ ದೇಹದ ಸಮತೋಲನದ ಸುದ್ದಿಯನ್ನು ಒಯ್ಯುತ್ತದೆ. ಸಮತೋಲನದ ನರದ ಮೇಲಿನ ಹೊದಿಕೆಯ ಜೀವಕೋಶಗಳು ಮಿತಿಮೀರಿ ಬೆಳೆದು ಗಂಟಾದರೆ ಅದಕ್ಕೆ ಅಕೌಸ್ಟಿಕ್ ನ್ಯೂರೋಮಾ ಎನ್ನುತ್ತಾರೆ. ಈಗಿನ ಸರಿಯಾದ ಹೆಸರು ವೆಸ್ಟಿಬ್ಯುಲರ್ ಶ್ವಾನೋಮಾ. ಇದು ಕ್ಯಾನ್ಸರ್ ಅಲ್ಲ. ಬೇರೆ ಅಂಗಗಳಿಗೆ ಹರಡುವುದಿಲ್ಲ. ಬೆಳೆದರೂ ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಮಿಲಿಮೀಟರ್, ಎಷ್ಟೋ ಗಡ್ಡೆಗಳು ವರ್ಷಗಟ್ಟಲೆ ಬೆಳೆಯುವುದೇ ಇಲ್ಲ.

ಹಾಗಾದರೆ ಭಯವೇಕೆ? ಜಾಗ ಇಕ್ಕಟ್ಟು. ಈ ನರ ಹಾದುಹೋಗುವ ಎಲುಬಿನ ಕಾಲುವೆಯ ಉದ್ದ ಸುಮಾರು ಒಂದು ಸೆಂಟಿಮೀಟರ್. ಅದೇ ಕಾಲುವೆಯಲ್ಲಿ ಮುಖದ ಸ್ನಾಯುಗಳನ್ನು ಆಡಿಸುವ ಏಳನೆಯ ನರವೂ ಇದೆ. ಕಾಲುವೆ ದಾಟಿ ಒಳಗೆ ಬೆಳೆದರೆ ಮಿದುಳುಕಾಂಡ. ಹಾಗಾಗಿ ಸಾಧು ಗಡ್ಡೆಯಾದರೂ ದೊಡ್ಡದಾದಾಗ ಪ್ರಾಣಕ್ಕೆ ಸಂಚಕಾರ ತರಬಲ್ಲದು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ನಮ್ಮ ಭಾಗದಲ್ಲಿ ಕಿವುಡು ಎಂದೊಡನೆ ನೆನಪಾಗುವುದು ಸಪ್ಪಳ. ಗುಳೇದಗುಡ್ಡ, ಇಳಕಲ್ಲಿನ ಮಗ್ಗಗಳ ಸಪ್ಪಳ, ಇಳಕಲ್ಲು-ಹುನಗುಂದದ ಗ್ರಾನೈಟ್ ಗಣಿಗಳ ಡ್ರಿಲ್ ಸಪ್ಪಳ. ಈ ತಾಯಿ ಮೊದಲ ಸಲ ಬಂದಾಗ ನಾನೂ ಮಗ್ಗದ ಮೇಲೆಯೇ ಅಪವಾದ ಹೊರಿಸಿದೆ. ಕಿವಿಯ ಗುಗ್ಗೆ ತೆಗೆದೆ, ತಲೆಸುತ್ತಿಗೆ ಗುಳಿಗೆ ಬರೆದೆ, ಕಳಿಸಿದೆ. ಹೀಗೆ ಒಂದೂವರೆ ವರ್ಷ ಹೋಯಿತು. ಆದರೆ ಸಪ್ಪಳ ಕೆಡಿಸುವುದು ಹೆಚ್ಚುಕಡಿಮೆ ಎರಡೂ ಕಿವಿಗಳನ್ನು. ಇವರಿಗೆ ಮಂದವಾದದ್ದು ಒಂದೇ ಕಿವಿ. "ಆ ಕಿವಿಗೆ ಫೋನ್ ಹಿಡಿದ್ರ ಮಾತು ಕೇಳತೈತ್ರಿ, ಆದ್ರ ಏನಂತಾರ ತಿಳಿಯಂಗಿಲ್ಲ" ಎಂದು ಅವರೇ ಹೇಳಿದ್ದರು. ಶಬ್ದ ಕೇಳುತ್ತದೆ, ಪದ ಬಿಡಿಸಿಕೊಳ್ಳುವುದಿಲ್ಲ ಎಂದರೆ ದೋಷ ಕಿವಿಯಲ್ಲಲ್ಲ, ನರದಲ್ಲಿರಬಹುದು ಎಂದು ನಾನು ಓದಿದ್ದೆ, ಆದರೆ ಆ ದಿನ ನೆನಪಾಗಲಿಲ್ಲ. ಒಂದೇ ಕಿವಿ ಮಂದವಾಗುತ್ತಿದ್ದರೆ, ಒಂದೇ ಕಿವಿಯಲ್ಲಿ ಗುಂಯ್ ಎನ್ನುವ ನಾದ ನಿಲ್ಲದಿದ್ದರೆ, ಕಿವಿ-ಮೂಗು-ಗಂಟಲು ತಜ್ಞರಲ್ಲಿ ಶ್ರವಣ ಪರೀಕ್ಷೆ ಮಾಡಿಸಿ, ಅಗತ್ಯ ಕಂಡರೆ ಎಂ.ಆರ್.ಐ. ಮಾಡಿಸಬೇಕು. ನಾನು ಈಗ ಈ ವಿಷಯದಲ್ಲಿ ಆಲಸ್ಯ ಮಾಡುವುದಿಲ್ಲ.

ಮೊಬೈಲ್ ಫೋನಿನಿಂದ ಈ ಗಡ್ಡೆ ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2011ರಲ್ಲಿ ಮೊಬೈಲಿನ ತರಂಗಗಳನ್ನು 'ಸಾಧ್ಯತೆ ಇರಬಹುದಾದ' ಪಟ್ಟಿಗೆ ಸೇರಿಸಿತು, ನಿಜ. ಆದರೆ ಅನಂತರದ ಅಧ್ಯಯನಗಳಲ್ಲಿ ಅಂಥ ಸಂಬಂಧ ಸಾಬೀತಾಗಿಲ್ಲ. ಹೆಚ್ಚಿನ ರೋಗಿಗಳಲ್ಲಿ ಗಡ್ಡೆಗೆ ಹೊರಗಿನ ಕಾರಣ ಯಾವುದೂ ಸಿಗುವುದಿಲ್ಲ. ಎರಡೂ ಕಿವಿಗಳಲ್ಲಿ ಗಡ್ಡೆ ಕಂಡರೆ ಮಾತ್ರ ಅದು ವಂಶವಾಹಿಯ ದೋಷದಿಂದ ಬರುವ ಬೇರೆ ಕಾಯಿಲೆ. ಆಗ ಮನೆಯ ಮಕ್ಕಳನ್ನೂ ಪರೀಕ್ಷಿಸಬೇಕಾಗುತ್ತದೆ.

ಕಿರಣದ ಕೆಲಸ ಕರಗಿಸುವುದಲ್ಲ

ದಾರಿಗಳು ಮೂರು. ಗಡ್ಡೆ ಚಿಕ್ಕದಿದ್ದರೆ ಕಾಲಕಾಲಕ್ಕೆ ಸ್ಕ್ಯಾನ್ ಮಾಡುತ್ತ ಕಾಯುವುದು, ಶಸ್ತ್ರಕ್ರಿಯೆಯಿಂದ ತೆಗೆಯುವುದು, ವಿಕಿರಣ ಕೊಡುವುದು. ಮೂರು ಸೆಂಟಿಮೀಟರ್ ಮೀರಿ ಮಿದುಳುಕಾಂಡವನ್ನು ಒತ್ತುತ್ತಿರುವ ಗಡ್ಡೆಗೆ ಸಾಮಾನ್ಯವಾಗಿ ಶಸ್ತ್ರಕ್ರಿಯೆಯೇ ಗತಿ. ಅದಕ್ಕಿಂತ ಚಿಕ್ಕವುಗಳಲ್ಲಿ ಆಯ್ಕೆಗೆ ಅವಕಾಶವಿದೆ.

ವಿಕಿರಣದ ಈ ವಿಧಾನ ಸ್ವೀಡನ್ನಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್ ಅವರದು. 1951ರಲ್ಲಿ ಅವರು ಇದಕ್ಕೆ ರೇಡಿಯೋಸರ್ಜರಿ ಎಂದು ಹೆಸರಿಟ್ಟರು. ಕಿವಿನರದ ಗಡ್ಡೆಗೆ ತಮ್ಮ ಗಾಮಾ ನೈಫ್ ಯಂತ್ರವನ್ನು ಮೊದಲು ಬಳಸಿದ್ದು 1969ರಲ್ಲಿ. ಹೆಸರಿನಲ್ಲಿ ಚಾಕು ಇದೆ, ಕೊಯ್ಯುವುದಿಲ್ಲ. ಈಗಿನ ಯಂತ್ರದಲ್ಲಿ 192 ಕೋಬಾಲ್ಟ್ ಮೂಲಗಳಿಂದ ಸಣ್ಣ ಸಣ್ಣ ಕಿರಣಗಳು ಬೇರೆ ಬೇರೆ ದಿಕ್ಕಿನಿಂದ ಬರುತ್ತವೆ. ಒಂದೊಂದೂ ದುರ್ಬಲ. ದಾರಿಯಲ್ಲಿನ ಮಿದುಳಿಗೆ ಅದರಿಂದ ಹೇಳಿಕೊಳ್ಳುವಂಥ ಪೆಟ್ಟಿಲ್ಲ. ಎಲ್ಲವೂ ಕೂಡುವುದು ಗಡ್ಡೆಯಲ್ಲಿ. ಭೂತಗನ್ನಡಿ ಹಿಡಿದು ಬಿಸಿಲಿನಲ್ಲಿ ಕಾಗದ ಸುಟ್ಟ ಹುಡುಗರಿಗೆಲ್ಲ ಈ ತತ್ವ ಗೊತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ ಸೌಲಭ್ಯವಿದೆ. ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರದಿಂದಲೂ ಇದೇ ಚಿಕಿತ್ಸೆಯನ್ನು ಒಂದೇ ಸಲಕ್ಕೋ ಹಲವು ದಿನ ಹಂಚಿಯೋ ಕೊಡುತ್ತಾರೆ.

ಮೊದಮೊದಲು ಪ್ರಮಾಣ ಹೆಚ್ಚಿರುತ್ತಿತ್ತು. ಆಗ ಮುಖದ ಪಾರ್ಶ್ವವಾಯು ಕಾಣುವುದು ಸಾಮಾನ್ಯವಿತ್ತು. 1990ರ ದಶಕದಿಂದ ಗಡ್ಡೆಯ ಅಂಚಿಗೆ 12ರಿಂದ 13 ಗ್ರೇ ಸಾಕು ಎಂಬುದು ಅನುಭವಕ್ಕೆ ಬಂತು. ಈಗ ಮುಖದ ನರಕ್ಕೆ ಕಾಯಂ ಪೆಟ್ಟಾಗುವುದು ನೂರಕ್ಕೆ ಒಬ್ಬಿಬ್ಬರಲ್ಲಿ ಮಾತ್ರ. ಹಳೆಯ ಪುಸ್ತಕ ಓದಿ ಹೆದರಿಸುವವರಿಗೆ ಇದನ್ನು ಹೇಳಿ.

ಮುಖ್ಯ ಮಾತು ಇದು. ವಿಕಿರಣ ಗಡ್ಡೆಯನ್ನು ತೆಗೆಯುವುದಿಲ್ಲ, ಅದರ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಗಡ್ಡೆಯ ಜೀವಕೋಶಗಳು ವಿಭಜನೆಯಾಗುವ ಶಕ್ತಿ ಕಳೆದುಕೊಳ್ಳುತ್ತವೆ, ಅದಕ್ಕೆ ರಕ್ತ ತರುವ ಸಣ್ಣ ನಾಳಗಳು ನಿಧಾನವಾಗಿ ಮುಚ್ಚುತ್ತವೆ. ಇದು ವಾರದ ಕೆಲಸವಲ್ಲ, ತಿಂಗಳು-ವರ್ಷಗಳ ಕೆಲಸ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಗಡ್ಡೆ ಹತೋಟಿಗೆ ಬರುತ್ತದೆ. ಕೆಲವರಲ್ಲಿ ಕುಗ್ಗುತ್ತದೆ, ಕೆಲವರಲ್ಲಿ ಇದ್ದಷ್ಟೇ ಇದ್ದು ಸುಮ್ಮನಾಗುತ್ತದೆ. ಎರಡೂ ಗೆಲುವೇ.

ಹೋದ ಕಿವಿ ವಾಪಸ್ಸು ಬರುತ್ತದೆಯೇ? ಬರುವುದಿಲ್ಲ. ಇದನ್ನು ಚಿಕಿತ್ಸೆಗೆ ಮುಂಚೆಯೇ ಸ್ಪಷ್ಟವಾಗಿ ಹೇಳಬೇಕು, ಎಷ್ಟೋ ಸಲ ಹೇಳುವುದಿಲ್ಲ. ಉಳಿದಿರುವ ಶ್ರವಣವೂ ಕ್ರಮೇಣ ಇಳಿಯಬಹುದು. ಚಿಕಿತ್ಸೆಯ ವೇಳೆ ಉಪಯೋಗಕ್ಕೆ ಬರುವಷ್ಟು ಕೇಳುತ್ತಿದ್ದವರಲ್ಲಿ ಐದು ವರ್ಷಗಳ ನಂತರವೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ಉಳಿದಿರುತ್ತದೆ, ಹತ್ತು ವರ್ಷಕ್ಕೆ ಅರ್ಧಕ್ಕಿಂತ ಕಡಿಮೆ ಜನರಿಗೆ. ಹಾಗೆಂದು ಕಾಯುತ್ತ ಕೂತರೆ ಕಿವಿ ಉಳಿಯುತ್ತದೆ ಎಂದಲ್ಲ. ನಾರ್ವೆಯಲ್ಲಿ ಸಣ್ಣ ಗಡ್ಡೆಗಳಿದ್ದ 100 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೂಡಲೇ ವಿಕಿರಣ ಕೊಟ್ಟು, ಇನ್ನೊಂದನ್ನು ಕಾಯಿಸಿ, ನಾಲ್ಕು ವರ್ಷ ನೋಡಿದರು. 2023ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ವಿಕಿರಣ ಪಡೆದವರಲ್ಲಿ ಗಡ್ಡೆ ಹೆಚ್ಚು ಕುಗ್ಗಿತ್ತು. ಆದರೆ ಶ್ರವಣದಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಅಂದರೆ ಕಿವಿಯನ್ನು ಕೆಡಿಸುವುದರಲ್ಲಿ ಗಡ್ಡೆಯ ಪಾಲೂ ಇದೆ, ಎಲ್ಲವನ್ನೂ ಕಿರಣದ ತಲೆಗೆ ಕಟ್ಟುವಂತಿಲ್ಲ.

ಮನೆಗೆ ಬಂದ ಮೊದಲ ವಾರ

ಗಾಮಾ ನೈಫ್‌ನಲ್ಲಿ ತಲೆ ಅಲ್ಲಾಡದಂತೆ ಒಂದು ಲೋಹದ ಚೌಕಟ್ಟನ್ನು ನಾಲ್ಕು ಮೊಳೆಗಳಿಂದ ಬಿಗಿಯುವುದು ವಾಡಿಕೆ. ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಹೆಚ್ಚಿನವರನ್ನು ಅದೇ ದಿನ ಅಥವಾ ಮರುದಿನ ಮನೆಗೆ ಕಳಿಸುತ್ತಾರೆ. ರಾತ್ರಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತುವುದಾದರೆ ಕೆಳಗಿನ ಬರ್ತನ್ನೇ ಕೇಳಿ ಪಡೆಯಿರಿ, ಶೌಚಾಲಯಕ್ಕೆ ಹೋಗುವಾಗ ಜೊತೆಗೊಬ್ಬರಿರಲಿ.

ಮೊಳೆ ತಾಗಿದ ಜಾಗ ನಾಲ್ಕೈದು ದಿನ ನೋಯುತ್ತದೆ. ಹಣೆ, ಕಣ್ಣಿನ ಸುತ್ತ ಸ್ವಲ್ಪ ಬಾತುಕೊಳ್ಳಬಹುದು. ನೆತ್ತಿಯ ಚರ್ಮ ಕೆಲವು ವಾರ ಜೋಮು ಹಿಡಿದಂತಿರಬಹುದು. ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು. ಗಾಯಕ್ಕೆ ಅರಿಶಿಣ, ವಿಭೂತಿ, ಎಣ್ಣೆ ಬೇಡ. ಸ್ವಚ್ಛವಾಗಿ, ಒಣಗಿದಂತೆ ಇಟ್ಟರೆ ತಾನೇ ಮಾಯುತ್ತದೆ. ಕೀವು ಬಂದರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಿ. ಕೂದಲು ಉದುರುವ ಭಯ ಬೇಡ. ಕೆಲವರಿಗೆ ಒಂದೆರಡು ವಾರ ಬಹಳ ಆಯಾಸ. ಹಗಲಿನಲ್ಲಿ ಒಂದು ತಾಸು ಮಲಗಲಿ, ಉಳಿದ ಹೊತ್ತು ಓಡಾಡಲಿ.

ಊತ ಇಳಿಯಲೆಂದು ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ಗುಳಿಗೆಯನ್ನು ಕೆಲವರಿಗೆ ಬರೆದಿರುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದು ಸಕ್ಕರೆಯನ್ನು ಏಕ್‌ದಂ ಏರಿಸುತ್ತದೆ. ಆ ದಿನಗಳಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಬೇಕು. ವಾರಗಟ್ಟಲೆ ತೆಗೆದುಕೊಂಡಿದ್ದರೆ ತಟ್ಟನೆ ನಿಲ್ಲಿಸಬಾರದು, ಹೇಳಿದಂತೆ ಇಳಿಸುತ್ತ ಬರಬೇಕು. ಚೆನ್ನಾಗಿದೆ ಎಂದು ನೀವೇ ಮತ್ತೊಂದು ಪಟ್ಟಿ ತಂದು ನುಂಗುವುದಂತೂ ಬೇಡ.

ಪಥ್ಯ ಏನು ಎಂದು ಕೇಳುವವರಿಗೆ: ಪಥ್ಯವಿಲ್ಲ. ಜೋಳದ ರೊಟ್ಟಿ, ಪಲ್ಯ, ಮೊಸರು, ಮನೆಯಲ್ಲಿ ಎಲ್ಲರೂ ಉಣ್ಣುವುದನ್ನೇ ಅವರೂ ಉಣ್ಣಲಿ.

ಈ ತಾಯಿಯ ಮನೆಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಸೊಸೆ ಎಂಟು ತಿಂಗಳ ಕೂಸನ್ನು ಅಜ್ಜಿಯ ತೊಡೆಯ ಮೇಲೆ ಕೂಡ್ರಿಸುವುದನ್ನು ನಿಲ್ಲಿಸಿದ್ದಳು, ಕೂಸಿಗೆ ಕಿರಣ ಬಡಿದೀತೆಂದು. ಅವಳಿಗೆ ಯಾರೂ ಹೇಳಿರಲಿಲ್ಲ, ಅವಳ ಮೇಲೆ ಸಿಟ್ಟು ಮಾಡುವಂತಿಲ್ಲ. ಯಂತ್ರದ ಬಾಗಿಲು ಮುಚ್ಚಿದ ಮೇಲೆ ರೋಗಿಯ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಅವರ ಬಟ್ಟೆ, ಬೆವರು, ಎಂಜಲು ಯಾವುದರಿಂದಲೂ ಯಾರಿಗೂ ಅಪಾಯವಿಲ್ಲ. ಬಸುರಿಯೂ ಪಕ್ಕದಲ್ಲಿ ಮಲಗಬಹುದು. ಅಜ್ಜಿ ಆ ಏಳು ತಿಂಗಳು ಮೊಮ್ಮಗುವನ್ನು ದೂರದಿಂದಲೇ ನೋಡಿದ್ದರು.

ಎದೆ ಗಟ್ಟಿ ಮಾಡಿಕೊಳ್ಳಬೇಕಾದ ಕಾಲ

ಈಗ ಆ ಎರಡು ಮಿಲಿಮೀಟರ್ ವಿಷಯಕ್ಕೆ ಬರೋಣ. ವಿಕಿರಣದ ನಂತರ ಸುಮಾರು ಆರು ತಿಂಗಳಿಂದ ಒಂದೂವರೆ ವರ್ಷದ ನಡುವೆ ಎಷ್ಟೋ ಗಡ್ಡೆಗಳು ಊದಿಕೊಳ್ಳುತ್ತವೆ. ಒಳಗಿನ ಜೀವಕೋಶಗಳು ಸಾಯುತ್ತಿರುವಾಗ ಆಗುವ ಊತ ಇದು. ಸ್ಕ್ಯಾನಿನಲ್ಲಿ ಬಿಳಿಯಾಗಿ ಹೊಳೆಯುತ್ತಿದ್ದ ಗಡ್ಡೆಯ ನಡುಭಾಗ ಈಗ ಕಪ್ಪಾಗಿ ಕಾಣಿಸಬಹುದು. ಅಲ್ಲಿಗೆ ರಕ್ತ ಹೋಗುತ್ತಿಲ್ಲ ಎಂಬುದರ ಗುರುತು ಅದು. ಊತ ಹೆಚ್ಚಾಗಿ ತಾನಾಗಿಯೇ ಇಳಿಯುತ್ತದೆ, ಕೆಲವರಲ್ಲಿ ಎರಡು-ಮೂರು ವರ್ಷ ಹಿಡಿಯುತ್ತದೆ. ಊತದ ಈ ಕಾಲದಲ್ಲಿಯೇ ತಲೆಸುತ್ತು ಹೆಚ್ಚಬಹುದು, ಕಿವಿಯ ನಾದ ಏರಬಹುದು, ಕೆನ್ನೆ ಜುಮುಗುಟ್ಟಬಹುದು, ಮುಖದ ಒಂದು ಬದಿ ಅದುರಬಹುದು. ಚಿಕಿತ್ಸೆ ಆದ ಮೊದಲ ತಿಂಗಳಲ್ಲಿ ಹಾಯಾಗಿದ್ದ ರೋಗಿ ಎಂಟನೆಯ ತಿಂಗಳಲ್ಲಿ ಹೈರಾಣಾದರೆ ಮನೆಯವರು ಗಾಬರಿಯಾಗುವುದು ಸಹಜ.

ಮಗನ ಎದುರಿಗೇ ನಾನು ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಫೋನ್ ಮಾಡಿದೆ. ಸ್ಕ್ಯಾನಿನ ಸಿ.ಡಿ.ಯನ್ನು ಅವರಿಗೆ ಕಳಿಸಿದೆವು. ನಾಲ್ಕನೆಯ ದಿನ ಉತ್ತರ ಬಂತು: ನಡುಭಾಗ ಕಪ್ಪಾಗಿದೆ, ಇದು ಊತ, ಆರು ತಿಂಗಳ ನಂತರ ಮತ್ತೊಮ್ಮೆ ನೋಡೋಣ. ಈ ಹಂತದಲ್ಲಿ ಊತವನ್ನೇ ಬೆಳವಣಿಗೆ ಎಂದು ತಿಳಿದು ಶಸ್ತ್ರಕ್ರಿಯೆಗೆ ಧಾವಿಸಿದರೆ, ಬೇಕಿಲ್ಲದ ಶಸ್ತ್ರಕ್ರಿಯೆಯ ಅಪಾಯವನ್ನು ಮೈಮೇಲೆ ಎಳೆದುಕೊಂಡಂತೆ. ವಿಕಿರಣ ತಾಗಿದ ಗಡ್ಡೆಯನ್ನು ಮುಖದ ನರದಿಂದ ಬಿಡಿಸುವುದು ಶಸ್ತ್ರವೈದ್ಯರಿಗೂ ಕಷ್ಟದ ಕೆಲಸ. ನಿಜವಾಗಿಯೂ ಗಡ್ಡೆ ಬೆಳೆಯುತ್ತಿದೆ ಎಂದು ಹೇಳಬೇಕಾದರೆ ಒಂದರ ಹಿಂದೆ ಒಂದು ಸ್ಕ್ಯಾನ್‌ಗಳಲ್ಲಿ, ವರ್ಷಗಳು ಕಳೆದ ಮೇಲೂ, ಅದು ಏರುತ್ತಲೇ ಹೋಗಬೇಕು. ಅಂಥವರು ಕೆಲವರು ಇದ್ದಾರೆ, ಅವರಿಗೆ ಎರಡನೆಯ ಚಿಕಿತ್ಸೆ ಬೇಕಾಗುತ್ತದೆ. ಅದನ್ನು ನಿರ್ಧರಿಸುವುದು ಮೊದಲು ಚಿಕಿತ್ಸೆ ಕೊಟ್ಟ ತಂಡ, ವರದಿ ಓದಿದ ನೆರೆಮನೆಯವರಲ್ಲ. ನಾನೂ ಅಲ್ಲ.

ಆದ್ದರಿಂದ ಹಳೆಯ ಸ್ಕ್ಯಾನ್‌ಗಳನ್ನೆಲ್ಲ ಜೋಪಾನ ಮಾಡಿ. ವರದಿಯ ಕಾಗದವಷ್ಟೇ ಅಲ್ಲ, ಫಿಲ್ಮು, ಸಿ.ಡಿ. ಎಲ್ಲವೂ ಬೇಕು. ಹೊಸ ಸ್ಕ್ಯಾನನ್ನು ಕೇವಲ ಹಿಂದಿನದಕ್ಕಲ್ಲ, ಚಿಕಿತ್ಸೆಯ ದಿನದ ಸ್ಕ್ಯಾನ್‌ಗೂ ಹೋಲಿಸಿ ನೋಡಬೇಕು. ಸಾಧ್ಯವಿದ್ದರೆ ಪ್ರತಿಸಲವೂ ಒಂದೇ ಕಡೆ ಮಾಡಿಸಿ, ಅಳತೆಯಲ್ಲಿ ಗೊಂದಲ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಕೆಲವು ವರ್ಷ ವರ್ಷಕ್ಕೊಮ್ಮೆ, ಅನಂತರ ಅಂತರ ಹೆಚ್ಚಿಸುತ್ತ ಹೋಗುತ್ತಾರೆ. ಚೆನ್ನಾಗಿದ್ದೇನೆ ಎಂದು ಬಿಡುವಂತಿಲ್ಲ. ಮೂತ್ರಪಿಂಡದ ತೊಂದರೆ ಇದ್ದರೆ ಸ್ಕ್ಯಾನ್‌ಗೆ ಮುಂಚೆ ಹೇಳಬೇಕು, ಏಕೆಂದರೆ ರಕ್ತನಾಳಕ್ಕೆ ಔಷಧಿ ಕೊಟ್ಟು ಚಿತ್ರ ತೆಗೆಯುತ್ತಾರೆ. ಖರ್ಚಿನ ಚಿಂತೆ ಇದ್ದವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವುದು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಹೊರಡುವ ಮುಂಚೆಯೇ ಕೇಳಿ.

ತೋಲ ತಪ್ಪುವುದು

ರೋಗಿಗಳು ಹೆಚ್ಚು ದೂರುವುದು ಕಿವುಡಿನ ಬಗ್ಗೆ ಅಲ್ಲ, ತೋಲ ತಪ್ಪುವ ಬಗ್ಗೆ. ನಾವು ನೆಟ್ಟಗೆ ನಿಲ್ಲುವುದು ಮೂರು ಕಡೆಯ ಸುದ್ದಿಯ ಬಲದಿಂದ: ಕಣ್ಣು, ಎರಡು ಒಳಗಿವಿಗಳು, ಕಾಲಿನ ಕೀಲು-ಪಾದಗಳು. ಒಂದು ಒಳಗಿವಿಯ ಸುದ್ದಿ ಕೆಟ್ಟರೆ ಮಿದುಳು ಉಳಿದವುಗಳನ್ನು ನಂಬಿ ಹೊಸ ಲೆಕ್ಕ ಕಲಿಯುತ್ತದೆ. ಆದರೆ ಹಾಸಿಗೆಯಲ್ಲಿ ಮಲಗಿದವರಿಗೆ ಅದು ಕಲಿಯುವುದಿಲ್ಲ. ಓಡಾಡಿದರೆ, ತಲೆ ತಿರುಗಿಸಿದರೆ, ಸ್ವಲ್ಪ ತಪ್ಪಿದರೆ, ಆಗಲೇ ಕಲಿಯುವುದು.

ತಲೆಸುತ್ತಿನ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗುವುದು ಇಲ್ಲಿ ಅಡ್ಡಿಯಾಗುತ್ತದೆ. ಪ್ರೊಕ್ಲೋರ್‌ಪೆರಾಜಿನ್, ಸಿನ್ನಾರಿಜಿನ್ ಮೊದಲಾದವು ವಾಂತಿ ಬರುವಷ್ಟು ಸುತ್ತು ಇದ್ದಾಗ ಕೆಲವು ದಿನಗಳಿಗೆ ಸರಿ. ಆಮೇಲೆ ಅವು ಮಿದುಳಿನ ಈ ಕಲಿಕೆಯನ್ನೇ ಮಂಕು ಮಾಡುತ್ತವೆ. ನಿಮ್ಮ ಚೀಟಿಯಲ್ಲಿ ಇವು ಇದ್ದರೆ ಎಷ್ಟು ದಿನಕ್ಕೆ ಎಂದು ವೈದ್ಯರನ್ನು ಕೇಳಿ.

ವ್ಯಾಯಾಮ ಸರಳ. ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ದೃಷ್ಟಿ ಹೆಬ್ಬೆರಳಿನ ಮೇಲೆಯೇ ನೆಟ್ಟಿರಲಿ, ತಲೆಯನ್ನು ಮಾತ್ರ 'ಇಲ್ಲ ಇಲ್ಲ' ಎನ್ನುವಂತೆ ಎಡಕ್ಕೆ ಬಲಕ್ಕೆ ತಿರುಗಿಸಿ. ಬೆರಳು ಮಸುಕಾಗದಷ್ಟು ನಿಧಾನವಾಗಿ ಪ್ರಾರಂಭಿಸಿ, ದಿನ ಕಳೆದಂತೆ ವೇಗ ಹೆಚ್ಚಿಸಿ. ಅದೇ ರೀತಿ ಮೇಲೆ ಕೆಳಗೆ. ಒಂದು ನಿಮಿಷ, ದಿನಕ್ಕೆ ಮೂರು ಸಲ. ಎರಡನೆಯದು, ಗೋಡೆಯ ಮೂಲೆಯಲ್ಲಿ ಬೆನ್ನು ಮಾಡಿ, ಪಾದ ಜೋಡಿಸಿ ನಿಲ್ಲುವುದು. ಮೊದಲು ಕಣ್ಣು ತೆರೆದು, ರೂಢಿಯಾದ ಮೇಲೆ ಮುಚ್ಚಿ, ಆಮೇಲೆ ಮಡಚಿದ ಕಂಬಳಿಯ ಮೇಲೆ. ಎದುರಿಗೆ ಒಬ್ಬರು ಕೈ ಚಾಚಿ ನಿಂತಿರಬೇಕು. ಮೂರನೆಯದು, ಅಂಗಳದಲ್ಲಿ ನಡೆಯುತ್ತ ಎಡಗಡೆ ಬಲಗಡೆ ನೋಡುವುದು. ಮಾಡುವಾಗ ಸ್ವಲ್ಪ ಸುತ್ತು ಬಂದೇ ಬರುತ್ತದೆ, ಅದು ಕೆಲಸ ನಡೆದಿದೆ ಎಂಬುದರ ಗುರುತು. ಇಂಥ ವ್ಯಾಯಾಮಗಳನ್ನು 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಾಥಾರ್ನ್ ಮತ್ತು ಕುಕ್ಸಿ ಎಂಬಿಬ್ಬರು ರೂಪಿಸಿದರು. ದುಬಾರಿ ಉಪಕರಣ ಯಾವುದೂ ಬೇಡ. ಆದರೆ ವಾರಕ್ಕೆರಡು ದಿನ ಮಾಡಿ ಬಿಟ್ಟರೆ ಉಪಯೋಗವಿಲ್ಲ, ತಿಂಗಳುಗಳ ಪಟ್ಟು ಬೇಕು.

ಕತ್ತಲು ಇವರ ದೊಡ್ಡ ಶತ್ರು. ಕಣ್ಣಿನ ಆಸರೆಯೂ ತಪ್ಪುತ್ತದೆ. ರಾತ್ರಿ ಬಚ್ಚಲಿನ ದಾರಿಯಲ್ಲಿ ಸಣ್ಣ ದೀಪ ಉರಿಯಲಿ. ಹೊಲದ ಬದುವಿನ ಮೇಲೆ ಮುಸ್ಸಂಜೆಯ ನಂತರ ಒಬ್ಬರೇ ಬೇಡ. ಅಗಸ್ತ್ಯತೀರ್ಥದ ಪಾವಟಿಗೆಗಳ ಮೇಲೆ ಬಗ್ಗಿ ಬಟ್ಟೆ ಒಗೆಯುವ ಹೆಣ್ಣುಮಕ್ಕಳು ಕೆಲವು ತಿಂಗಳು ಮನೆಯಲ್ಲೇ ಒಗೆದುಕೊಳ್ಳಲಿ. ಬಗ್ಗಿ ಎದ್ದಾಗಲೇ ಸುತ್ತು ಹೆಚ್ಚು, ಕಲ್ಲಿಗೋ ಪಾಚಿ. ಮೇಣಬಸದಿಯ ಮೆಟ್ಟಿಲು ಹತ್ತಬಹುದು, ಹಗಲಿನಲ್ಲಿ, ಯಾರದಾದರೂ ಕೈ ಹಿಡಿದು. ನಾನು ಹಲವರಿಗೆ ಅದನ್ನೇ ವ್ಯಾಯಾಮವಾಗಿ ಹೇಳಿದ್ದೇನೆ. ಬಾವಿಯಲ್ಲಿ, ಮಲಪ್ರಭೆಯಲ್ಲಿ ಈಜುವವರಿಗೆ ಮಾತ್ರ ಕಟ್ಟುನಿಟ್ಟಿನ ಮಾತು: ಮುಳುಗು ಹಾಕಬೇಡಿ. ನೀರಿನ ಒಳಗೆ ಕಣ್ಣು ಕಾಣದಾಗ ಮೇಲು ಯಾವುದು ಕೆಳಗು ಯಾವುದು ಎಂದು ತಿಳಿಯದೆ ಹೋಗಬಹುದು. ಚೆನ್ನಾಗಿ ಈಜು ಬರುವವರಿಗೂ ಈ ಮಾತು ಸಲ್ಲುತ್ತದೆ. ಮೋಟಾರ್‌ಸೈಕಲ್ಲನ್ನು ತಲೆ ತಿರುಗಿಸಿ ಹಿಂದೆ ನೋಡಿದರೂ ಸುತ್ತು ಬಾರದ ಹಂತಕ್ಕೆ ಬಂದ ಮೇಲೆಯೇ ಮುಟ್ಟಬೇಕು.

ಒಂದೇ ಕಿವಿಯ ಬಾಳು

ಒಂದು ಕಿವಿ ಹೋದವರಿಗೆ ಶಬ್ದ ಕೇಳುತ್ತದೆ, ಯಾವ ದಿಕ್ಕಿನಿಂದ ಎಂಬುದು ತಿಳಿಯುವುದಿಲ್ಲ. ರಸ್ತೆ ದಾಟುವಾಗ ಹಾರ್ನ್ ಎಡಗಡೆಯದೆಂದು ಅತ್ತ ಸರಿದರೆ ಲಾರಿ ಬಲಗಡೆಯಿಂದ ಬಂದಿರುತ್ತದೆ. ಆದ್ದರಿಂದ ಕಿವಿಯನ್ನು ನಂಬದೆ ಎರಡೂ ಕಡೆ ಕಣ್ಣಿನಿಂದ ನೋಡಿಯೇ ದಾಟಬೇಕು. ಮದುವೆ ಮನೆ, ಸಂತೆಯ ಗದ್ದಲದಲ್ಲಿ ಮಾತು ತಿಳಿಯುವುದಿಲ್ಲ. ಕರೆದರೂ ತಿರುಗದವರನ್ನು 'ಸೊಕ್ಕು' ಎಂದು ಜನ ತಪ್ಪು ತಿಳಿಯುತ್ತಾರೆ. ಮನೆಯವರು ಕೇಳುವ ಕಿವಿಯ ಕಡೆಗೆ ಬಂದು, ಮುಖ ಕಾಣುವಂತೆ ನಿಂತು ಮಾತಾಡಬೇಕು. ಕೂಗಬೇಕಾಗಿಲ್ಲ.

ಸತ್ತ ಕಿವಿಯ ಕಡೆಯ ಶಬ್ದವನ್ನು ಒಳ್ಳೆಯ ಕಿವಿಗೆ ದಾಟಿಸುವ ಕ್ರಾಸ್ ಎಂಬ ಶ್ರವಣಯಂತ್ರ ಇದೆ. ಎಲುಬಿನ ಮೂಲಕ ಕೇಳಿಸುವ ಸಾಧನಗಳೂ ಇವೆ. ಕೊಳ್ಳುವ ಮುಂಚೆ ಕೆಲವು ದಿನ ಹಾಕಿ ನೋಡಲು ಕೇಳಿ, ಎಲ್ಲರಿಗೂ ಒಗ್ಗುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್-ಶ್ರವಣ ಸಂಸ್ಥೆಯಲ್ಲಿ ಇದಕ್ಕೆಲ್ಲ ಪರಿಣತರಿದ್ದಾರೆ. ಕಿವಿಯೊಳಗಿನ ನಾದ ರಾತ್ರಿಯ ನಿಶ್ಶಬ್ದದಲ್ಲಿ ಹೆಚ್ಚು ಕಾಡುತ್ತದೆ. ಫ್ಯಾನಿನ ಸದ್ದು, ಸಣ್ಣಗೆ ಹಚ್ಚಿದ ರೇಡಿಯೋ ಇದ್ದರೆ ನಿದ್ದೆ ಬರುತ್ತದೆ. ನಾದ ಇದೆ ಎಂದ ಮಾತ್ರಕ್ಕೆ ಚಿಕಿತ್ಸೆ ವಿಫಲವಾಯಿತು ಎಂದು ತಿಳಿಯಬೇಡಿ.

ಉಳಿದ ಒಂದು ಕಿವಿಯನ್ನು ಕಣ್ಣಿನ ಪಾಪೆಯಂತೆ ಕಾಯಬೇಕು. ಅದಕ್ಕೆ ಬಿಸಿ ಎಣ್ಣೆ, ಕಡ್ಡಿ, ಪಿನ್ನು ಬೇಡ. ಮಗ್ಗದ ಮುಂದೆ, ಗಣಿಯಲ್ಲಿ ಕೆಲಸ ಮಾಡುವವರು ಕಿವಿಮುಚ್ಚಿಗೆ ಹಾಕಲೇಬೇಕು. ಬೇರೆ ಯಾವ ಕಾಯಿಲೆಗೆ ವೈದ್ಯರಲ್ಲಿ ಹೋದರೂ "ನನಗೆ ಕೇಳುವುದು ಒಂದೇ ಕಿವಿ" ಎಂದು ಮೊದಲೇ ಹೇಳಿ. ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್‌ಗಳು ಕಿವಿಯನ್ನು ಕೆಡಿಸಬಲ್ಲವು, ಬದಲಿ ಔಷಧಿ ಇದ್ದರೆ ಅದನ್ನೇ ಕೊಡುತ್ತಾರೆ. ಒಳ್ಳೆಯ ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ನಾಳೆ ನೋಡೋಣ ಎನ್ನದೆ ಅದೇ ದಿನ ತಜ್ಞರನ್ನು ಕಾಣಬೇಕು.

ತಡಮಾಡಬಾರದ ಲಕ್ಷಣಗಳು

ದಿನದಿನಕ್ಕೆ ಏರುವ ತಲೆನೋವು, ಬೆಳಗ್ಗೆ ವಾಂತಿ, ಒಂದು ವಸ್ತು ಎರಡಾಗಿ ಕಾಣುವುದು, ನಡಿಗೆ ದಿನೇ ದಿನೇ ಕೆಡುವುದು, ಮಂಪರು, ಮರೆವು, ಅರಿವಿಲ್ಲದೆ ಮೂತ್ರ ಹೋಗುವುದು: ಇವು ಮಿದುಳಿನ ದ್ರವಕ್ಕೆ ದಾರಿ ಕಟ್ಟಿರುವ ಚಿಹ್ನೆಗಳಿರಬಹುದು. ಕೆಲವೇ ಜನರಲ್ಲಿ ಆಗುತ್ತದೆ, ಆದರೆ ಆದಾಗ ನರಶಸ್ತ್ರವೈದ್ಯರಿರುವ ಆಸ್ಪತ್ರೆಗೆ ತಕ್ಷಣ ಹೊರಡಬೇಕು. ವಯಸ್ಸಾದವರಲ್ಲಿ ಮರೆವು, ಮೂತ್ರ ಎರಡನ್ನೂ ಮುಪ್ಪಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತೇವೆ, ಇಲ್ಲಿ ಹಾಗೆ ಮಾಡುವಂತಿಲ್ಲ.

ಮುಖದ ಒಂದು ಬದಿ ಸೋತು ಕಣ್ಣು ಪೂರ್ತಿ ಮುಚ್ಚದಿದ್ದರೆ ಮೊದಲ ಕಾಳಜಿ ಕಣ್ಣಿನದು. ಒಣಗಿದ ಕಣ್ಣಿನ ಕರಿಗುಡ್ಡೆಗೆ ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆಯನ್ನು ಟೇಪಿನಿಂದ ಮುಚ್ಚುವುದು, ಜೊತೆಗೆ ಕಣ್ಣಿನ ವೈದ್ಯರ ಭೇಟಿ. ನಮ್ಮ ಬೇಸಿಗೆಯ ಗಾಳಿ-ಧೂಳಿನಲ್ಲಿ ಕನ್ನಡಕವಿಲ್ಲದೆ ಹೊರಗೆ ಬರಬೇಡಿ. ಕೆನ್ನೆ ಜೋಮು ಹಿಡಿದವರು ಬಿಸಿ ಚಹಾ ಕುಡಿಯುವಾಗ ಎಚ್ಚರ, ಊಟದ ನಂತರ ಆ ಬದಿಯನ್ನು ನೀರಿನಿಂದ ಮುಕ್ಕಳಿಸಿ ನೋಡಿಕೊಳ್ಳಬೇಕು.

ವಿಕಿರಣದಿಂದಲೇ ಮುಂದೆ ಕ್ಯಾನ್ಸರ್ ಆಗುತ್ತದೆಯೇ ಎಂಬುದು ಎಲ್ಲರ ಮನಸ್ಸಿನ ಪ್ರಶ್ನೆ. ಅಂಥ ಪ್ರಸಂಗಗಳು ದಾಖಲಾಗಿವೆ, ಆದರೆ ಸಾವಿರಾರು ರೋಗಿಗಳಲ್ಲಿ ಒಬ್ಬರಿಗೆ ಎನ್ನುವಷ್ಟು ವಿರಳ. ದೀರ್ಘಕಾಲ ಸ್ಕ್ಯಾನ್ ಮಾಡಿಸುತ್ತಿರಬೇಕು ಎನ್ನುವುದಕ್ಕೆ ಅದೂ ಒಂದು ಕಾರಣ.

ಆ ತಾಯಿಯ ವಿಷಯ. ಒಂದು ವರ್ಷ ದಾಟಿದಾಗಿನ ಸ್ಕ್ಯಾನಿನಲ್ಲಿ ಗಡ್ಡೆ ಏರಿರಲಿಲ್ಲ, ಇಳಿದಿರಲೂ ಇಲ್ಲ. ಮಗನಿಗೆ ಸಮಾಧಾನವಾಗಲಿಲ್ಲ, ಆದರೂ ಕಾದ. ಮೂರನೆಯ ವರ್ಷದಲ್ಲಿ ಅದು ಚಿಕಿತ್ಸೆಗೆ ಮುಂಚಿನ ಅಳತೆಗಿಂತ ತುಸು ಚಿಕ್ಕದಾಗಿತ್ತು. ಬಲಗಿವಿ ಈಗ ಪೂರ್ತಿ ಹೋಗಿದೆ. ಮಗ್ಗದಲ್ಲಿ ಮತ್ತೆ ಕೂರುತ್ತಾರೆ, ಎಡಗಿವಿಗೆ ಮುಚ್ಚಿಗೆ ಹಾಕಿಕೊಂಡು. ನನ್ನಲ್ಲಿಗೆ ಬಂದರೆ ಕುರ್ಚಿಯನ್ನು ತಾವೇ ಎಳೆದು, ಬಲಗಿವಿ ಗೋಡೆಯ ಕಡೆಗೆ ಬರುವಂತೆ ಕುಳಿತುಕೊಳ್ಳುತ್ತಾರೆ. ಮುಂದಿನ ಸ್ಕ್ಯಾನ್ ಬರುವ ಶ್ರಾವಣದಲ್ಲಿದೆ.